ಅಳತೆಯಮ್ಮನ ಕರಿ ಎಲೆ

ಅಳತೆಯಮ್ಮ ಬಿದ್ದದ್ದು ಎತ್ತರದಿಂದಲ್ಲ, ಹಟದಿಂದ. ಕಪಾಟಿನ ಮೇಲಿನ ಹಲಗೆಯಲ್ಲಿದ್ದ ಹಳೆಯ ಗಿಡಪುಸ್ತಕಗಳ ಕಟ್ಟು ಅವರಿಗೆ ಬೇಕಿತ್ತು. ಕೂಗಿದ್ದರೆ ಕೆಳಗಿನ ಅಚ್ಚಿನ ಕೋಣೆಯಿಂದ ಮಗ ಬಂದು ಇಳಿಸಿಕೊಡುತ್ತಿದ್ದ. ಪಕ್ಕದ ಮೇಜಿನಲ್ಲೇ ಇದ್ದ ಸೊಸೆಗೆ ಹೇಳಿದ್ದರೆ ಅವಳೂ ಇಳಿಸುತ್ತಿದ್ದಳು. ಆದರೆ ಕೇಳುವುದೆಂಬುದು ಅಳತೆಯಮ್ಮನಿಗೆ ಆಗಿಬರದ ವಿದ್ಯೆ. ಕೆಲಸದ ಮೇಜಿನ ಗಾಲಿ ಕುರ್ಚಿಯ ಮೇಲೆ ಹತ್ತಿ ನಿಂತರು. ಗಾಲಿ ತನ್ನ ಧರ್ಮ ತಾನು ಮಾಡಿತು.

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದು ಗಂಡಸರ ಮಾತು. ಮೀಸೆಯಿಲ್ಲದವರಿಗೂ ಏನಾದರೂ ಬೇಕಲ್ಲ? ಅಳತೆಯಮ್ಮ ನೆಲದ ಮೇಲೆ ಕೂತುಕೊಂಡೇ, "ಈ ಕುರ್ಚಿ ಸರಿಯಿಲ್ಲ ಅಂತ ಎಷ್ಟು ಸಲ ಬಡ್ಕೊಂಡಿದೀನಿ!" ಎಂದು ಸೊಸೆಯನ್ನು ಗದರಿದರು. ಹಿಂದೆ ಒಂದು ಸಲವೂ ಬಡಿದುಕೊಂಡಿರಲಿಲ್ಲ. ಅಷ್ಟರಲ್ಲಿ ಬಲಗೈ ಮಣಿಕಟ್ಟು ಊದಿಕೊಂಡು ಬಳೆ ಕಚ್ಚತೊಡಗಿತ್ತು. ವೈದ್ಯರು ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, "ಈ ಕೈಗೆ ಯಾವ ಕೆಲಸಾನೂ ಕೊಡಬೇಡಿ" ಎಂದರು.

"ನಾನು ಕೊಡೋದಲ್ಲ ಡಾಕ್ಟ್ರೇ, ಅದೇ ಹುಡುಕಿಕೊಂಡು ಹೋಗುತ್ತೆ" ಎಂದರು ಅಳತೆಯಮ್ಮ.

ಆ ಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ. ಕೈಚೀಲದಲ್ಲಿ ಕನ್ನಡಕದ ಜೊತೆ ಒಂದು ಉಕ್ಕಿನ ಸ್ಕೇಲು ಇದ್ದೇ ಇರುತ್ತಿತ್ತು. ಅಂಗಡಿಯ ಬೋರ್ಡಿನಲ್ಲಿ ಒಂದಕ್ಷರ ಕೂದಲೆಳೆಯಷ್ಟು ಕೆಳಗಿದ್ದರೆ ಒಳಗೆ ಹೋಗಿ ಹೇಳಿ ಬರುವ ಜಾಯಮಾನ. ಗಂಡ ಕಟ್ಟಿದ ಪ್ರೆಸ್ಸು ಅವರ ಮನೆಯೂ ಹೌದು. ಕೆಳಗೆ ಅಚ್ಚಿನ ಯಂತ್ರ, ಮೇಲೆ ಕಿಟಕಿಯ ಪಕ್ಕ ಪುಟ ಕಟ್ಟುವ ಕೋಣೆ, ಅದರ ಹಿಂದೆ ಅಡುಗೆಮನೆ. ಗಂಡ ಹೋದ ಮೇಲೆ ಯಂತ್ರ ಮಗನ ಪಾಲಿಗೆ ಬಂತು. ಪುಟ ಮಾತ್ರ ಅಳತೆಯಮ್ಮನ ಹತ್ತಿರವೇ ಉಳಿಯಿತು. ಅವರ ಬಾಯಿಂದ ಬರುತ್ತಿದ್ದ ಅತಿ ದೊಡ್ಡ ಹೊಗಳಿಕೆ ಎಂದರೆ "ಪರವಾಗಿಲ್ಲ". ಮಗ ಹುಟ್ಟಿದಾಗ ನರ್ಸಮ್ಮ ಕೂಸನ್ನು ಎತ್ತಿ ತೋರಿಸಿದರೆ ಅದನ್ನೇ ಅಂದರಂತೆ.

ಪ್ರೆಸ್ಸಿಗೆ ಮದುವೆಯ ಕರೆಯೋಲೆ, ರಸೀದಿ ಪುಸ್ತಕ, ಔಷಧದ ಡಬ್ಬಿಯ ಚೀಟಿ ಎಲ್ಲ ಬರುತ್ತಿದ್ದವು. ಆದರೆ ಅದರ ಕೀರ್ತಿ ನಿಂತಿದ್ದುದು ಗಿಡಪುಸ್ತಕದ ಮೇಲೆ. ಊರಾಚೆಯ ದೊಡ್ಡ ನರ್ಸರಿಯವರು ವರ್ಷಕ್ಕೊಮ್ಮೆ, ಹೂವಿನ ಪ್ರದರ್ಶನದ ಹೊತ್ತಿಗೆ, ತಮ್ಮಲ್ಲಿರುವ ಸಾವಿರಾರು ಗಿಡಗಳ ಪುಸ್ತಕ ತರುತ್ತಿದ್ದರು. ಪ್ರತಿ ಗಿಡಕ್ಕೂ ಹೆಸರು, ಲ್ಯಾಟಿನ್ ಹೆಸರು, ಎತ್ತರ, ಬಿಸಿಲೋ ನೆರಳೋ, ನೀರೆಷ್ಟು, ಹೂವು ಯಾವಾಗ. ಇಷ್ಟೂ ವಿವರ ನರ್ಸರಿಯಿಂದ ಕಂಪ್ಯೂಟರಿನ ಶೀಟಿನಲ್ಲಿ ಬರುತ್ತಿತ್ತು, ಚೌಕದ ಪಕ್ಕ ಚೌಕ. ಅಳತೆಯಮ್ಮ ಒಂದೊಂದೇ ಚೌಕದಿಂದ ಮಾತನ್ನು ಎತ್ತಿ ಪುಟದಲ್ಲಿಟ್ಟು, ಹೆಸರನ್ನು ದಪ್ಪ ಮಾಡಿ, ಲ್ಯಾಟಿನ್ನನ್ನು ಓರೆ ಮಾಡಿ, ಬಿಸಿಲಿಗೆ ಪುಟ್ಟ ಸೂರ್ಯ ಕೂರಿಸಿ ಮುಂದಿನ ಗಿಡಕ್ಕೆ ಹೋಗುತ್ತಿದ್ದರು. ಚಳಿಗಾಲವಿಡೀ ಅದೇ ಕೆಲಸ. ಮನೆಯಂಗಳಕ್ಕೆ ಗಿಡ ತರುವವರೆಲ್ಲ ಆ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಇಟ್ಟುಕೊಳ್ಳುತ್ತಿದ್ದರು.

ಸೊಸೆ ಈ ಮನೆಗೆ ಬಂದ ಹೊಸದರಲ್ಲಿ ಒಮ್ಮೆ ಬಾಯಿಬಿಟ್ಟಿದ್ದಳು. ಅವಳು ಮದುವೆಗೆ ಮುಂಚೆ ಯಂತ್ರಗಳ ಬಿಡಿಭಾಗದ ಪುಸ್ತಕ ಮಾಡುವ ಕಡೆ ಕೆಲಸದಲ್ಲಿದ್ದವಳು, ಲೆಕ್ಕವಿಲ್ಲದಷ್ಟು ನಟ್ಟು ಬೋಲ್ಟುಗಳನ್ನು ಪುಟಕ್ಕಿಳಿಸಿದವಳು. "ಅತ್ತೆ, ಶೀಟನ್ನ ನೇರವಾಗಿ ಪುಟಕ್ಕೆ ತರಬಹುದು. ಒಂದು ಸಲ ನಿಯಮ ಹೇಳಿಕೊಟ್ರೆ ದಪ್ಪ ಅಕ್ಷರ, ಓರೆ ಅಕ್ಷರ ಎಲ್ಲ ತಾನಾಗೇ ಕೂತ್ಕೊಳ್ಳುತ್ತೆ" ಎಂದಿದ್ದಳು.

"ತಾನಾಗೇ ಕೂತ್ಕೊಳ್ಳೋದು ಧೂಳು ಮಾತ್ರ" ಎಂದಿದ್ದರು ಅಳತೆಯಮ್ಮ. ಅಲ್ಲಿಗೆ ಆ ಮಾತು ಮುಗಿದಿತ್ತು. ಸೊಸೆ ಮದುವೆಯ ಕರೆಯೋಲೆಗಳನ್ನು ನೋಡಿಕೊಂಡಳು, ಗಿಡಪುಸ್ತಕದ ತಂಟೆಗೆ ಹೋಗಲಿಲ್ಲ. ಇನ್ನು ಮಗ, ಯಂತ್ರದ ಸದ್ದಿಗೆಂದು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದವನು, ಅತ್ತೆ ಸೊಸೆ ಇಬ್ಬರೂ ಒಂದೇ ಕೋಣೆಯಲ್ಲಿದ್ದರೆ ಯಂತ್ರ ನಿಂತ ಮೇಲೂ ಅದನ್ನು ತೆಗೆಯುತ್ತಿರಲಿಲ್ಲ. ಜಾಣ.

ಕೈ ಮುರಿದ ಸುದ್ದಿ ಕೇಳಿ ನರ್ಸರಿಯ ಯಜಮಾನರು ನೋಡಲು ಬಂದರು. ಮಾತೆತ್ತಿದರೆ ಕುಂಡದ ಮಾತೇ ಆಡುತ್ತಿದ್ದ ಅವರನ್ನು ಎಲ್ಲರೂ ಕುಂಡದಪ್ಪ ಎನ್ನುತ್ತಿದ್ದರು. ಕೈ ನೋಡಿದರು, ಮರುಗಿದರು, ಆಮೇಲೆ ಟೋಪಿಯನ್ನು ತೊಡೆಯ ಮೇಲೆ ತಿರುಗಿಸುತ್ತ ವಿಷಯಕ್ಕೆ ಬಂದರು.

"ಅಮ್ಮಾ, ಪ್ರದರ್ಶನ ಹತ್ತಿರ ಬಂತು. ಮೇಲಿನ ರಸ್ತೆಯ ದೊಡ್ಡ ಆಫೀಸಿನವರು ನಾವು ಮಾಡಿಕೊಡ್ತೀವಿ ಅಂತ ಬೆನ್ನು ಬಿದ್ದಿದಾರೆ. ಈ ಒಂದು ಸಲ ಅವರಿಗೆ ಕೊಟ್ಟು..."

ಈ ಒಂದು ಸಲ ಎಂದು ಹೋದ ಗಿರಾಕಿ ತಿರುಗಿ ಬಂದದ್ದನ್ನು ಅಳತೆಯಮ್ಮ ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಗಿಡಪುಸ್ತಕ ಹೋದರೆ ಪ್ರೆಸ್ಸಿನಲ್ಲಿ ಉಳಿಯುವುದು ರಸೀದಿ ಪುಸ್ತಕ, ತಮಗೆ ಉಳಿಯುವುದು ಕಿಟಕಿ. ಎದೆ ಧಸಕ್ಕೆಂದಿತು. ಆದರೆ ಬಾಯಿ ಎದೆಯನ್ನು ಕೇಳದೆ ಮಾತಾಡಿಬಿಟ್ಟಿತು.

"ಯಾಕೆ? ನನ್ನ ಸೊಸೆ ಇಲ್ವಾ?"

ಕಾಫಿ ತಂದು ಬಾಗಿಲಲ್ಲಿ ನಿಂತಿದ್ದ ಸೊಸೆ ಕುಂಡದಪ್ಪನವರ ಲೋಟವನ್ನು ಅತ್ತೆಯ ಮುಂದೆ ಇಟ್ಟಳು. 'ನನ್ನ ಸೊಸೆ' ಎಂಬ ಮಾತನ್ನು ಆ ದನಿಯಲ್ಲಿ ಅವಳು ಕೇಳಿದ್ದು ಅದೇ ಮೊದಲು.

"ಸರಿ ಹಾಗಾದ್ರೆ," ಎಂದರು ಕುಂಡದಪ್ಪ. "ಆದ್ರೆ ಒಂದು ತಪ್ಪೂ ಆಗಬಾರದು ನೋಡಿ. ತಪ್ಪಾದ್ರೆ ನಾನು ಅವರ ಹತ್ರಾನೇ ಹೋಗಬೇಕಾಗುತ್ತೆ."

ಮರುದಿನ ಅಳತೆಯಮ್ಮ ತಮ್ಮ ಕುರ್ಚಿಯನ್ನು ಸೊಸೆಯ ಪಕ್ಕಕ್ಕೆ ಎಳೆಸಿಕೊಂಡು ಕೂತರು. ಪ್ಲಾಸ್ಟರಿನ ಕೈ ಒಂದು ದಿಂಬಿನ ಮೇಲೆ, ಸ್ಕೇಲು ಎಡಗೈಯಲ್ಲಿ. ಸೊಸೆ ಈಗ ಗಿಡಗಳನ್ನು ಎತ್ತಿಡಲು ಶುರುಮಾಡುತ್ತಾಳೆ ಎಂದುಕೊಂಡಿದ್ದರು. ಅವಳು ಶೀಟನ್ನು ತೆರೆಯಲೇ ಇಲ್ಲ. ಹಳೆಯ ಗಿಡಪುಸ್ತಕವನ್ನು ಮುಂದಿಟ್ಟುಕೊಂಡು ಪ್ರಶ್ನೆ ಕೇಳಲು ಶುರುಮಾಡಿದಳು.

"ಗಿಡದ ಹೆಸರು ಇಷ್ಟು ದಪ್ಪ ಯಾಕೆ ಅತ್ತೆ?"

"ಹೆಸರು ಎದೆಯುಬ್ಬಿಸಿ ನಿಲ್ಲಬೇಕು. ದೂರದಿಂದಲೇ ಕರೆದ ಹಾಗಿರಬೇಕು."

"ಲ್ಯಾಟಿನ್ ಹೆಸರು?"

"ಅದು ಸ್ವಲ್ಪ ವಾಲಲಿ, ಬೀಳದಿರಲಿ. ಬಾಡಿಗೆಗೆ ಬಂದವರ ಥರ ಒಂದು ಪಕ್ಕ ಇದ್ರೆ ಸಾಕು."

"ಎರಡು ಗಿಡದ ನಡುವೆ ಇಷ್ಟೇ ಜಾಗ ಅಂತ ಹೇಗೆ ಗೊತ್ತಾಗುತ್ತೆ?"

"ಉಸಿರಾಡೋಕೆ ಜಾಗ ಬಿಡೇ! ಇದನ್ನೂ ಕೇಳ್ತಾರಾ?" ಎಂದು ರೇಗಿದರು ಅಳತೆಯಮ್ಮ. ಸೊಸೆ ಅವರ ಕೈಯಿಂದ ಸ್ಕೇಲು ತೆಗೆದುಕೊಂಡು ಆ ಉಸಿರನ್ನು ಅಳೆದಳು. ಹಳೆಯ ಪುಸ್ತಕದ ಯಾವ ಪುಟದಲ್ಲಿ ಅಳೆದರೂ ಉಸಿರು ಒಂದೇ ಸಮ. ಅವಳು ತಲೆಯೆತ್ತಿ ಅತ್ತೆಯನ್ನು ನೋಡಿದ ನೋಟದಲ್ಲಿ ಏನೋ ಇತ್ತು. ಅಳತೆಯಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದರು.

ಹೀಗೇ ದಿನಗಳು ಹೋದವು. ಗಿಡದ ಹೆಸರು ಪುಟದ ತಳದಲ್ಲಿ, ವಿವರ ಮುಂದಿನ ಪುಟದಲ್ಲಿ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದಳು. "ತಲೆ ಒಂದು ಕಡೆ ಮುಂಡ ಒಂದು ಕಡೆ ಬೇಡ" ಎಂದರು ಅಳತೆಯಮ್ಮ. ಪುಟ ಮಾತ್ರ ಒಂದೂ ಆಗಿರಲಿಲ್ಲ. ಒಲೆ ಹಚ್ಚುವುದರಲ್ಲೇ ಸಂಜೆಯಾದರೆ ಅಡುಗೆ ಯಾವಾಗ? ಅಳತೆಯಮ್ಮ ಮಗನ ಹತ್ತಿರ ಹೋಗಿ, "ನಿನ್ನ ಹೆಂಡತಿ ಪುಸ್ತಕ ಮಾಡ್ತಿದಾಳೋ, ನನ್ನ ಮೇಲೆ ಕೇಸು ಹಾಕೋಕೆ ಸಾಕ್ಷಿ ಕಲೆಹಾಕ್ತಿದಾಳೋ?" ಎಂದು ಕೇಳಿದರು. ಮಗ ಕಿವಿಯ ಹತ್ತಿಯನ್ನು ಮುಟ್ಟಿ ತೋರಿಸಿ ನಕ್ಕ.

ಕೊನೆಗೊಂದು ಮಧ್ಯಾಹ್ನ, "ಅತ್ತೆ, ಬನ್ನಿ" ಎಂದು ಕರೆದಳು.

ತೆರೆಯ ಮೇಲೆ ಒಂದು ಖಾಲಿ ಪುಟ. ಸೊಸೆ ಶೀಟನ್ನು ತೋರಿಸಿದಳು, ಒಂದು ಗುಂಡಿ ಒತ್ತಿದಳು. ಒಂದು ಗಳಿಗೆ ಏನೂ ಆಗಲಿಲ್ಲ. ಅಳತೆಯಮ್ಮ ಮೂಗು ಮುರಿಯಲು ಸಿದ್ಧರಾದರು. ಅಷ್ಟರಲ್ಲಿ ಪುಟ ತುಂಬಿತು. ಅದರ ಹಿಂದೆಯೇ ಇನ್ನೊಂದು ಪುಟ ಹುಟ್ಟಿತು, ಅದೂ ತುಂಬಿತು, ಮತ್ತೊಂದು. ಗಿಡಗಳ ಹೆಸರುಗಳು ಸಾಲುಸಾಲಾಗಿ ಎದೆಯುಬ್ಬಿಸಿ ನಿಂತವು. ಲ್ಯಾಟಿನ್ನು ಅವುಗಳ ಪಕ್ಕ ಹದವಾಗಿ ವಾಲಿಕೊಂಡಿತು. ಬಿಸಿಲಿನ ಗಿಡಕ್ಕೆ ಸೂರ್ಯ, ನೆರಳಿನ ಗಿಡಕ್ಕೆ ಕೊಡೆ, ಯಾರೂ ಹೇಳದೆಯೇ ತಂತಮ್ಮ ಜಾಗಕ್ಕೆ ಬಂದು ಕೂತವು. ಪುಟದ ತಳಕ್ಕೆ ಬಂದ ಒಂದು ಹೆಸರು ತನ್ನ ವಿವರ ಕೆಳಗೆ ಹಿಡಿಸುವುದಿಲ್ಲ ಎಂದು ತಿಳಿದು ತಾನೇ ಮುಂದಿನ ಪುಟಕ್ಕೆ ಹಾರಿತು. ಅದನ್ನು ಕಂಡು ಅಳತೆಯಮ್ಮನಿಗೆ ಮೈ ಜುಮ್ಮೆಂದಿತು. ಆ ಹೆಸರನ್ನು ಅವರು ತಮ್ಮ ಕೈಯಿಂದ ಎಷ್ಟು ವರ್ಷ ಹಾಗೆ ದಾಟಿಸಿದ್ದರು!

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇದು ಒಡೆಯುವ ದೊಣ್ಣೆಯಲ್ಲ, ಕಟ್ಟುವ ದೊಣ್ಣೆ. ಅವರು ಎಡಗೈಯಿಂದ ಸ್ಕೇಲು ತೆಗೆದು ತೆರೆಗೆ ಒತ್ತಿ ಹಿಡಿದರು. ಉಸಿರು ಸರಿಯಾಗಿತ್ತು. ಮೊದಲ ಪುಟದಲ್ಲೂ ಸರಿ, ನಡುವಿನಲ್ಲೂ ಸರಿ. ಸಂತೋಷವಾಯಿತು, ಅದರ ಬೆನ್ನಿಗೇ ಲೆಕ್ಕವೂ ಹೊಳೆಯಿತು. ತಮ್ಮ ಒಂದು ಇಡೀ ಚಳಿಗಾಲ ಕಾಫಿ ಆರುವಷ್ಟರಲ್ಲಿ ಮುಗಿದುಹೋಗಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಆ ಗಾದೆ ಇಷ್ಟು ದಿನ ಅಡುಗೆಮನೆಯ ವಿಷಯ ಎಂದುಕೊಂಡಿದ್ದರು.

ತಪ್ಪು ಸಿಕ್ಕಿದರೆ ಸಾಕು ಎಂದು ಕಣ್ಣು ತಾನಾಗಿ ಹುಡುಕಿತು. ಸಿಕ್ಕಿತು ಕೂಡ.

"ಇದೇನೇ ಇದು? ಈ ಗಿಡದ ಎತ್ತರ ಏಪ್ರಿಲ್ ಎರಡನೇ ತಾರೀಕಂತೆ!"

ಸೊಸೆ ಬಗ್ಗಿ ನೋಡಿ ನಕ್ಕಳು. ನರ್ಸರಿಯವರು ಎತ್ತರದ ಚೌಕದಲ್ಲಿ ಎರಡು ಅಡ್ಡಗೆರೆ ನಾಲ್ಕು ಎಂದು ಬರೆದಿದ್ದರು, ಎರಡರಿಂದ ನಾಲ್ಕು ಅಡಿ ಎಂದು. ಶೀಟು ತನಗೆ ಬಹಳ ಗೊತ್ತು ಎಂದುಕೊಂಡು ಅದನ್ನು ತಾರೀಕು ಮಾಡಿಬಿಟ್ಟಿತ್ತು. "ಆ ಕಾಲಂ ಪೂರ್ತಿ ಸರಿಮಾಡ್ತೀನಿ ಅತ್ತೆ. ಇದು ಎಲ್ಲ ಕಡೆ ಆಗೋದೇ" ಎಂದಳು. ಸರಿಮಾಡಿ ಮತ್ತೆ ಒತ್ತಿದಳು. ಗಿಡಗಳೆಲ್ಲ ಕ್ಯಾಲೆಂಡರಿನಿಂದ ಇಳಿದು ಅಡಿಗಳಿಗೆ ಬಂದವು. ಅಳತೆಯಮ್ಮನಿಗೂ ನಗು ತಡೆಯಲಾಗಲಿಲ್ಲ. ಏಪ್ರಿಲ್ ಎರಡರಷ್ಟು ಎತ್ತರದ ಗಿಡವನ್ನು ನೆನೆನೆನೆದು ಊಟದ ಹೊತ್ತಿಗೂ ನಕ್ಕರು. ಆಮೇಲೆ ಕೈ ತೊಳೆಯುತ್ತ, ಗೋಡೆಗೆ ಹೇಳಿದಂತೆ, "ಪರವಾಗಿಲ್ಲ" ಎಂದರು.

ಪಾತ್ರೆ ಎತ್ತುತ್ತಿದ್ದ ಸೊಸೆ ಗಂಡನ ಕಡೆ ತಿರುಗಿದಳು. ಅವನಿಗೆ ಹತ್ತಿಯೊಳಗಿಂದಲೂ ಕೇಳಿಸಿತ್ತು.

ಪ್ರೂಫ್ ಬಂತು. ಅಳತೆಯಮ್ಮ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು. ಭೂತಗನ್ನಡಿ ಹಿಡಿದು ಅಲ್ಪವಿರಾಮಗಳನ್ನೂ ನೋಡಿದರು. ಒಂದಕ್ಷರ ಆಚೀಚೆ ಇರಲಿಲ್ಲ. ಎಡಗೈಯಲ್ಲಿ, ಕೋಳಿ ಕಾಲಿನಂಥ ಗೀಚಿನಲ್ಲಿ, ಕೊನೆಯ ಹಾಳೆಯ ಮೇಲೆ ಸಹಿ ಹಾಕಿ ಕೊಟ್ಟರು. ಅವರ ಸಹಿ ಬಿತ್ತೆಂದರೆ ಪುಟ ಅಚ್ಚಿನ ಪ್ಲೇಟಿಗೆ ಹೋಗಬಹುದು ಎಂದರ್ಥ. ಕೆಳಗೆ ಮಗ ರೋಲರು ತೊಳೆಯತೊಡಗಿದ.

ಸೊಸೆ ಮಾತ್ರ ಎದ್ದಿರಲಿಲ್ಲ. ಬಿಡಿಭಾಗದ ಪುಸ್ತಕ ಮಾಡುತ್ತಿದ್ದ ದಿನಗಳಿಂದ ಅವಳಿಗೊಂದು ರೂಢಿ. ಹೊಸ ಪುಸ್ತಕವನ್ನು ಹಳೆಯದರ ಪಕ್ಕ ಇಟ್ಟು, ಎರಡರ ಮಾತುಗಳನ್ನೂ ಶೀಟಿಗೆ ಸುರಿದು, ಎಲ್ಲೆಲ್ಲಿ ವ್ಯತ್ಯಾಸವಿದೆ ಎಂದು ಕಂಪ್ಯೂಟರನ್ನೇ ಕೇಳುವುದು. ಹಾಗೆ ಕೇಳಿದಾಗ ಹಳೆಯ ಪುಸ್ತಕದ ಕೆಲವು ಗಿಡಗಳ ಹೆಸರಿನ ಕೊನೆಯಲ್ಲಿ ಒಂದು ಅನಾಥ ಅಕ್ಷರ ಕಂಡಿತು. ಹೊಸದರಲ್ಲಿ ಅದು ಇಲ್ಲ. ಕೈತಪ್ಪಿ ಬಿದ್ದದ್ದಿರಬೇಕು ಎಂದುಕೊಂಡಳು. ಆದರೆ ಕೈತಪ್ಪು ಇಷ್ಟು ಕಡೆ, ಅದೂ ಒಂದೇ ಅಕ್ಷರ? ಅತ್ತೆಯ ಕೈಯಿಂದ? ಆಗಲಿಕ್ಕಿಲ್ಲ ಎನ್ನಿಸಿತು. ಹಳೆಯ ಪುಸ್ತಕ ತೆರೆದು ಆ ಹೆಸರುಗಳನ್ನು ನೋಡಿದಳು. ಅಲ್ಲಿ ಅಕ್ಷರವಿರಲಿಲ್ಲ. ಅಕ್ಷರ ಒತ್ತಿದರೆ ಚಿತ್ರ ಬರುವ ಫಾಂಟಿನಿಂದ ತಂದ ಒಂದು ಪುಟ್ಟ ಕಪ್ಪು ಎಲೆ ಇತ್ತು.

"ಅತ್ತೆ, ಕೆಲವು ಗಿಡದ ಹೆಸರಿನ ಪಕ್ಕ ಕರಿ ಎಲೆ ಇಡ್ತಿದ್ರಲ್ಲ, ಅದು ಏನು? ನಮ್ಮದರಲ್ಲಿ ಒಂದೂ ಬಂದಿಲ್ಲ."

ಅಳತೆಯಮ್ಮ ಕುರ್ಚಿಯ ಹಿಡಿಯನ್ನು ಎಡಗೈಯಿಂದ ಹಿಡಿದುಕೊಂಡರು. ಮುಖದ ಬಣ್ಣ ಇಳಿದುಹೋಯಿತು.

ಆ ಎಲೆಯನ್ನು ಪುಸ್ತಕಕ್ಕೆ ತಂದವರೇ ಅವರು. ಮಗ ಆಗಿನ್ನೂ ಅಂಬೆಗಾಲಿಡುತ್ತಿದ್ದ. ಜಗಲಿಯ ಕುಂಡದಲ್ಲಿ ಬಿಳಿ ಚುಕ್ಕೆಯ ಅಗಲ ಎಲೆಯ ಗಿಡವೊಂದಿತ್ತು, ಅದೇ ಗಿಡಪುಸ್ತಕ ನೋಡಿ ಆಸೆಪಟ್ಟು ತರಿಸಿದ್ದು. ಕೂಸು ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡಿತು. ನಾಲಿಗೆ ತುಟಿ ಊದಿ, ಅಳುವುದಕ್ಕೂ ದನಿ ಹೊರಡದೆ, ಕಣ್ಣು ಮಾತ್ರ ಅಮ್ಮನನ್ನು ನೋಡುತ್ತಿತ್ತು. ಗಂಡ ಕೂಸನ್ನೆತ್ತಿಕೊಂಡು ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದರು. ಕೂಸು ಉಳಿಯಿತು. ಅಂದಿನಿಂದ ಬಾಯಿಗೆ ಹಾಕಬಾರದ ಗಿಡಕ್ಕೆಲ್ಲ ಕರಿ ಎಲೆ ಇಲ್ಲದೆ ಗಿಡಪುಸ್ತಕ ಆಚೆ ಹೋಗಕೂಡದೆಂದು ಅಳತೆಯಮ್ಮ ಹಟ ಹಿಡಿದು ನಿಂತಿದ್ದರು. ಮಕ್ಕಳಿರುವ ಮನೆಯವರು ಪುಸ್ತಕದಲ್ಲಿ ಮೊದಲು ನೋಡುತ್ತಿದ್ದುದೇ ಆ ಎಲೆಯನ್ನು. ಎಲೆಯಿಲ್ಲದಿದ್ದರೆ ಧೈರ್ಯವಾಗಿ ಕೊಳ್ಳುತ್ತಿದ್ದರು.

ಈಗ ಎಲ್ಲಿಯೂ ಎಲೆಯಿರಲಿಲ್ಲ. ಎಲ್ಲ ಮಾತನ್ನೂ ಓದಿದ್ದರು, ಮಾತಲ್ಲದ ಒಂದನ್ನು ಬಿಟ್ಟು. ದೀಪದ ಬುಡದಲ್ಲೇ ಕತ್ತಲೆ. ಅದರ ಮೇಲೆ ಸಹಿಯನ್ನೂ ಹಾಕಿಯಾಗಿತ್ತು.

"ಪ್ಲೇಟ್ ಹಾಕಬೇಡ ಅನ್ನೇ ಅವನಿಗೆ," ಎಂದರು. "ಹೇಳಿ ಬಾ ಮೊದಲು."

ಸೊಸೆ ಕೆಳಗೆ ಓಡಿ ಹೇಳಿ ಬಂದಳು. ಬಂದು ಅತ್ತೆಯ ಪಕ್ಕ ನೆಲದ ಮೇಲೆ ಮಂಡಿಯೂರಿ ಕೂತು ಮೆಲ್ಲಗೆ ಕೇಳಿದಳು. "ಎಲೆ ಎಲ್ಲಿ ಇಡಬೇಕು ಅಂತ ನಿಮಗೆ ಹೇಗೆ ಗೊತ್ತಾಗ್ತಿತ್ತು? ಶೀಟಿನಲ್ಲಿ ಆ ಮಾತೇ ಇಲ್ಲ."

ಅದು ಅಳತೆಯಮ್ಮನ ತಲೆಯಲ್ಲಿರಲಿಲ್ಲ. ಕೈಗೆ ಗೊತ್ತಿತ್ತು, ಕೈ ಪ್ಲಾಸ್ಟರಿನೊಳಗಿತ್ತು. ಶೀಟನ್ನು ತೆರೆಸಿ ನೋಡಿದ ಮೇಲೆ ನೆನಪಾಯಿತು.

"ಗುಲಾಬಿ!" ಎಂದರು. "ಚೌಕ ಗುಲಾಬಿ ಬಣ್ಣ ಇದ್ರೆ ವಿಷದ ಗಿಡ. ಡ್ರಾಯಿಂಗ್ ಮೇಡಂ ಹಚ್ಚೋದು."

ಡ್ರಾಯಿಂಗ್ ಮೇಡಂ ಎಂದರೆ ಕುಂಡದಪ್ಪನವರ ಅಕ್ಕ. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಮೇಲೆ ನರ್ಸರಿಯ ಶೀಟು ತುಂಬುವ ಕೆಲಸ ಅವರದ್ದೇ. ಬರೆಯುವುದಕ್ಕಿಂತ ಬಣ್ಣ ಹಚ್ಚುವುದು ಅವರಿಗೆ ಸುಲಭ. ಹೊಸ ಗಿಡಕ್ಕೆ ಹಸಿರು, ಮುಗಿಯುತ್ತ ಬಂದದ್ದಕ್ಕೆ ಹಳದಿ, ವಿಷದ್ದಕ್ಕೆ ಗುಲಾಬಿ. ಶೀಟು ಪುಟಕ್ಕೆ ಇಳಿಯುವಾಗ ಮಾತುಗಳಷ್ಟೇ ಇಳಿದಿದ್ದವು, ಬಣ್ಣ ಹಿಂದೆಯೇ ಉಳಿದಿತ್ತು. ಫೋನು ಮಾಡಿ ಹೇಳಿದರೆ ಮೇಡಂ ದಂಗಾದರು.

"ಬಣ್ಣ ಬರಲ್ವಾ? ಮತ್ತೆ ಅಷ್ಟು ದೊಡ್ಡ ಕಂಪ್ಯೂಟರ್ ಯಾಕೆ ಇಟ್ಕೊಂಡಿದೀರಾ?"

"ಬಣ್ಣ ಅದಕ್ಕೆ ಮಾತಲ್ಲ ಮೇಡಂ," ಎಂದಳು ಸೊಸೆ. "ಪರವಾಗಿಲ್ಲ, ಬಣ್ಣವನ್ನೇ ಮಾತು ಮಾಡೋಣ. ನೀವು ಫೋನ್ ಇಡಬೇಡಿ."

ಅವಳು ಶೀಟಿಗೆ ಗುಲಾಬಿ ಚೌಕಗಳನ್ನಷ್ಟೇ ತೋರಿಸು ಎಂದಳು. ಶೀಟು, ಯಾವ ಗುಲಾಬಿ ಎಂದು ಕೇಳಿತು. ಅಲ್ಲಿ ಮೂರು ಗುಲಾಬಿಗಳಿದ್ದವು. ಬರಿಗಣ್ಣಿಗೆ ಮೂರೂ ಒಂದೇ, ಅಕ್ಕತಂಗಿಯರ ಹಾಗೆ.

"ಕಡುಗುಲಾಬಿ ಹೊಟ್ಟೆಗೆ ಹೋಗಬಾರದ್ದು," ಎಂದರು ಮೇಡಂ, ಇದನ್ನೂ ಹೇಳಬೇಕೇ ಎಂಬ ದನಿಯಲ್ಲಿ. "ನಡುಗುಲಾಬಿ ಗಿಡದ ಹಾಲು ತಾಗಿದ್ರೆ ಮೈ ಉರಿಯೋದು, ಅದೂ ಬಾಯಿಗೆ ಬೇಡ. ತಿಳಿಗುಲಾಬಿ ನಂಗೆ ಇಷ್ಟವಾದವು."

"ಇಷ್ಟವಾದವು ಅಂದ್ರೆ?"

"ಅಂದ್ರೆ ಇಷ್ಟ! ಸೂಜಿಮಲ್ಲಿಗೆ ಇದೆಯಲ್ಲ, ಅಂಥವು."

ಅಳತೆಯಮ್ಮ ಹಳೆಯ ಪುಸ್ತಕ ತೆರೆದರು. ಸೂಜಿಮಲ್ಲಿಗೆಯ ಪಕ್ಕ ಕರಿ ಎಲೆ ಠೀವಿಯಿಂದ ಕೂತಿತ್ತು. ವರ್ಷಗಳಿಂದ ಪಾಪದ ಮಲ್ಲಿಗೆಗೆ ವಿಷದ ಪಟ್ಟ ಕಟ್ಟಿದ್ದರು. ಫೋನಿನ ಆಚೆ ಬದಿಯಲ್ಲಿ ಕುಂಡದಪ್ಪನವರ ದನಿ ಕೇಳಿಸಿತು. "ಅಯ್ಯೋ, ಅದಕ್ಕೇ ಆ ಗಿಡ ಹೋಗ್ತಾನೇ ಇರಲಿಲ್ಲ! ನಾನು ಮಣ್ಣು ಬದಲಾಯಿಸಿದೆ, ಕುಂಡ ಬದಲಾಯಿಸಿದೆ..." ನಕ್ಕರೋ ಅತ್ತರೋ ಗೊತ್ತಾಗಲಿಲ್ಲ. ಸೊಸೆ ಆ ಪುಟದ ಕಡೆ ಒಮ್ಮೆ ನೋಡಿ, ಒಂದು ಮಾತೂ ಆಡದೆ ತನ್ನ ಕೆಲಸಕ್ಕೆ ತಿರುಗಿದಳು. ಅಳತೆಯಮ್ಮ ಅದನ್ನು ಗಮನಿಸಿದರು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಊರಿಗೆ ಡಂಗುರ ಹೊಡೆಯುತ್ತಿದ್ದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಸೊಸೆ ಶೀಟಿನಲ್ಲಿ ಹೊಸ ಕಾಲಂ ಹಾಕಿದಳು. ಕಡುಗುಲಾಬಿಗೂ ನಡುಗುಲಾಬಿಗೂ 'ಬಾಯಿಗೆ ಬೇಡ' ಎಂದು ತುಂಬಿದಳು. ಆ ಮಾತಿದ್ದಲ್ಲಿ ಕರಿ ಎಲೆ ತಾನಾಗಿ ಬರುವಂತೆ ನಿಯಮ ಕೊಟ್ಟಳು.

"ಉಳಿದ ಗಿಡಗಳ ಚೌಕ?" ಎಂದರು ಅಳತೆಯಮ್ಮ.

"ಖಾಲಿ ಇರುತ್ತೆ ಅತ್ತೆ. ಖಾಲಿ ಇದ್ರೆ ಎಲೆ ಬರಲ್ಲ."

"ಬೇಡ. ಖಾಲಿ ಅಂದ್ರೆ ಇಲ್ಲ ಅಂತಾನೋ, ಮರೆತ್ರು ಅಂತಾನೋ? ಇಲ್ಲ ಅಂತಾನೂ ಬರೀಬೇಕು. ಯಾರೂ ಏನೂ ಹೇಳದೇ ಇರೋ ಗಿಡ ಪುಟದಲ್ಲಿ ಕೆಂಪಗೆ ಕಿರುಚಬೇಕು."

ಸೊಸೆ ಗುಂಡಿಯ ಮೇಲಿನ ಬೆರಳನ್ನು ಹಾಗೇ ನಿಲ್ಲಿಸಿ ಅತ್ತೆಯನ್ನು ನೋಡಿದಳು. "ಇದು ನಂಗೆ ಹೊಳೆದೇ ಇರಲಿಲ್ಲ" ಎಂದಳು. ಅದನ್ನೂ ನಿಯಮ ಮಾಡಿದಳು. ಮೇಡಂ ಫೋನಿನಲ್ಲೇ ಒಂದೊಂದು ಗಿಡಕ್ಕೂ ಹೌದು, ಇಲ್ಲ ಹೇಳುತ್ತ ಹೋದರು. ಆಚೆ ಕುಂಡದಪ್ಪ ಅವರಿಗೆ ನೀರು ತಂದುಕೊಡುತ್ತಿದ್ದ ಸದ್ದು ಕೇಳಿಸುತ್ತಿತ್ತು.

ಮಗನೂ ಮೇಲೆ ಬಂದು ಹಿಂದೆ ನಿಂತಿದ್ದ. ಕಿವಿಯ ಹತ್ತಿ ಅಂಗೈಯಲ್ಲಿತ್ತು. ಸೊಸೆ ಗುಂಡಿ ಒತ್ತಿದಳು.

ಪುಟಗಳ ಮೇಲೆಲ್ಲ ಕರಿ ಎಲೆಗಳು ಒಂದೇ ಸಲಕ್ಕೆ ಮೂಡಿದವು. ಕಣಗಿಲೆಯ ಪಕ್ಕ ಒಂದು, ಉಮ್ಮತ್ತಿಯ ಪಕ್ಕ ಒಂದು. ಹೆಸರು ಉದ್ದವಿದ್ದಲ್ಲಿ ಸಾಲು ತಾನೇ ಸರಿದು ಎಲೆಗೆ ಜಾಗ ಕೊಟ್ಟಿತು. ಎಲ್ಲಿ ನೋಡಿದರೂ ಒಂದು ಪುಟವೂ ಕೆಟ್ಟಿರಲಿಲ್ಲ. ಸೂಜಿಮಲ್ಲಿಗೆ ಮೊದಲ ಸಲ ನಿಷ್ಕಳಂಕವಾಗಿ ನಿಂತಿತ್ತು. ಕೆಂಪು ಎಲ್ಲಿಯೂ ಇರಲಿಲ್ಲ.

"ಆ ಚುಕ್ಕೆ ಎಲೆಯದ್ದು ತೋರಿಸು" ಎಂದರು ಅಳತೆಯಮ್ಮ.

ತೋರಿಸಿದಳು. ಎಲೆ ಇತ್ತು. ಅಳತೆಯಮ್ಮ ಎಡಗೈ ಬೆರಳನ್ನು ತೆರೆಯ ಮೇಲೆ ಅದಕ್ಕೆ ಒತ್ತಿ ಹಿಡಿದರು. ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು; ಒರೆಸಿಕೊಳ್ಳಲು ಇದ್ದ ಒಂದೇ ಕೈ ತೆರೆಯ ಮೇಲಿತ್ತು. "ನಾನು ಸಹಿ ಹಾಕಿದ್ದೆ ಕಣೇ. ಯಾರ ಮನೆ ಕೂಸೋ ಏನೋ... ನೀನು ನೋಡದೇ ಇದ್ದಿದ್ರೆ" ಎಂದರು. ಮಗ ಅಮ್ಮನ ಹೆಗಲ ಮೇಲೆ ಕೈಯಿಟ್ಟ. ಸೊಸೆ ತನ್ನ ಸೆರಗಿನಿಂದ ಅವರ ಮುಖ ಒರೆಸಿದಳು. ಅವರು ಬೇಡವೆನ್ನಲಿಲ್ಲ.

ಪ್ರದರ್ಶನದ ಹೊತ್ತಿಗೆ ಪುಸ್ತಕ ತಲುಪಿತು. ಕುಂಡದಪ್ಪ ಮುಂದಿನ ವರ್ಷದ್ದನ್ನು ಆಗಲೇ ಒಪ್ಪಿಸಿ ಹೋದರು. ಮೇಲಿನ ರಸ್ತೆಯ ಆಫೀಸಿನ ಹೆಸರೆತ್ತಲಿಲ್ಲ. ಮೇಡಂ ಒಂದು ಸೂಜಿಮಲ್ಲಿಗೆಯ ಕುಂಡ ಕಳಿಸಿದರು.

ಪ್ಲಾಸ್ಟರ್ ಬಿಚ್ಚಿದ ಮರುದಿನ ಬೆಳಗ್ಗೆ ಅಳತೆಯಮ್ಮ ಪುಟದ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ಕೈ ಬಡಕಲಾಗಿ, ಬೇರೆಯವರದ್ದೇನೋ ಅನ್ನುವಂತಿತ್ತು. ಈ ಕೈಗೆ ಇನ್ನು ಇಲ್ಲೇನು ಕೆಲಸ ಎಂದು ಕೇಳಿಕೊಂಡರು. ಸುಮ್ಮನೆ ಗಿಡಪುಸ್ತಕದ ಕಡತ ತೆರೆದರು. ಪುಟದ ಆಚೀಚೆ ಏನಿದೆ ಎಂದು ಎಂದೂ ನೋಡಿದವರಲ್ಲ. ಅವರ ಕಣ್ಣೆಲ್ಲ ಪುಟದ ಮೇಲೆಯೇ. ಇವತ್ತು ಮಾಡಲು ಬೇರೇನೂ ಇಲ್ಲದ್ದರಿಂದ ಬಲಬದಿಯ ಪಟ್ಟಿಯತ್ತ ನೋಡಿದರು. ಯಾವ ಮಾತು ಪುಟದಲ್ಲಿ ಹೇಗೆ ಕಾಣಬೇಕು ಎಂಬ ನಿಯಮಕ್ಕೆ ಸ್ಟೈಲ್ ಎನ್ನುತ್ತಾರೆ. ಸೊಸೆ ಮಾಡಿದ ಸ್ಟೈಲುಗಳೆಲ್ಲ ಅಲ್ಲಿ ಹೆಸರು ಹೊತ್ತು ನಿಂತಿದ್ದವು.

ಹೆಸರು ಎದೆಯುಬ್ಬಿಸಿ ನಿಲ್ಲಲಿ. ಸ್ವಲ್ಪ ವಾಲಲಿ ಬೀಳದಿರಲಿ. ಉಸಿರಾಡೋಕೆ ಜಾಗ ಬಿಡೇ. ತಲೆ ಒಂದು ಕಡೆ ಮುಂಡ ಒಂದು ಕಡೆ ಬೇಡ.

ಅಳತೆಯಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತಾವು ಬೈದ ಬೈಗುಳವೆಲ್ಲ ಅಲ್ಲಿತ್ತು. ಸಾವಿರಾರು ಗಿಡಗಳು ತಾವಾಗಿ ಕೂತಿರಲಿಲ್ಲ. ಅವರ ಗದರಿಕೆ ಕೇಳಿ ಕೂತಿದ್ದವು. ಕರಿ ಎಲೆಯ ಸ್ಟೈಲಿಗೆ 'ಮಗು ಬಾಯಿಗೆ ಹಾಕೀತು' ಎಂದು ಹೆಸರು. ಅದರ ಕೆಳಗೆ ಕೊನೆಯದೊಂದು: 'ಪರವಾಗಿಲ್ಲ'. ಅದನ್ನು ಬಳಸಿದ್ದು ಇಡೀ ಪುಸ್ತಕದಲ್ಲಿ ಒಂದೇ ಕಡೆ, ಕೊನೆಯ ಪುಟದ ತಳದಲ್ಲಿ, ಗಂಡನ ಕಾಲದಿಂದ ನಡೆದುಬಂದ ಪುಟ್ಟ ಸಾಲಿಗೆ: ಪುಟ ಕಟ್ಟಿದ್ದು, ಅಚ್ಚು ಹಾಕಿದ್ದು ಇದೇ ಮನೆಯಲ್ಲಿ.

ಬಲಗೈಯನ್ನು ಕೀಲಿಮಣೆಯ ಮೇಲಿಟ್ಟರು. ಬೆರಳು ಮಡಚಲು ಹಟ ಮಾಡಿದವು, ಅವು ಅವರದೇ ಬೆರಳುಗಳಲ್ಲವೇ. ತಡವುತ್ತ, ಒಂದೊಂದೇ ಅಕ್ಷರ, 'ಪರವಾಗಿಲ್ಲ' ಎಂಬುದನ್ನು ಅಳಿಸಿ 'ಭೇಷ್' ಎಂದು ಬರೆದರು.

ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ಸೊಸೆ ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಕಾಫಿಯನ್ನು ಮೇಜಿನ ಮೇಲಿಟ್ಟಳು.

"ಅತ್ತೆ, ಸ್ಟೈಲಿನ ಹೆಸರು ಬದಲಾಯಿಸಿದ್ರೆ ಪುಟದಲ್ಲಿ ಏನೂ ಬದಲಾಗಲ್ಲ."

"ಗೊತ್ತು ಕಣೇ," ಎಂದರು ಅಳತೆಯಮ್ಮ. "ಪುಟ ಸರಿಯಾಗೇ ಇದೆ. ಹೆಸರೇ ಸರಿ ಇರಲಿಲ್ಲ."